ಅತ್ತೆಗೂ ಸೊಸೆಗೂ ಒಂದೇ ಸುತ್ತು

ಮಾರ್ಚ್ 3, ಸೋಮವಾರ

ಡಿಪೋದಿಂದ ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಇದುವರೆಗೆ ನಾನು ಅದರಲ್ಲಿ ಟೈರಿನ ಗಾಳಿ, ಬ್ರೇಕಿನ ಕೀರಲು ಬಿಟ್ಟು ಬೇರೇನೂ ಬರೆದವಳಲ್ಲ. ಇವತ್ತು ಬರೆಯಲು ಕೂತಿದ್ದಕ್ಕೆ ಕಾರಣ, ಗಂಡ ಊರಲ್ಲಿಲ್ಲ. ಇಪ್ಪತ್ತೆರಡು ಮಹಡಿಯ ಕಟ್ಟಡವೊಂದಕ್ಕೆ ಲಿಫ್ಟ್ ಕೂರಿಸಲು ಹೋದವರು ಮೇ ತಿಂಗಳವರೆಗೆ ಬರುವುದಿಲ್ಲ. ಅವರಿದ್ದಿದ್ದರೆ ದಿನದ ಗೊಣಗಾಟವನ್ನೆಲ್ಲ ಅವರ ಕಿವಿಗೆ ಸುರಿದು ಹಗುರಾಗುತ್ತಿದ್ದೆ. ಈಗ ಅದು ಈ ಬಡಪಾಯಿ ಡೈರಿಯ ಪಾಲಿಗೆ ಬಂದಿದೆ.

ಮನೆಯಲ್ಲಿ ಹಿರಿಯರಿದ್ದಾರೆ, ನಿಜ. ಗಂಡನ ಅಪ್ಪ. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತೈದು ವರ್ಷ ಪೈಪು ಜೋಡಿಸಿ ನಿವೃತ್ತರಾದವರು. ನಾನು ಮದುವೆಯಾಗಿ ಬಂದು ಏಳು ವರ್ಷವಾಯಿತು. ನಾವಿಬ್ಬರೂ ಇದುವರೆಗೆ ಆಡಿದ ಮಾತನ್ನೆಲ್ಲ ಒಂದು ಬಸ್ ಟಿಕೆಟ್ಟಿನ ಬೆನ್ನ ಮೇಲೆ ಬರೆಯಬಹುದು. ಊಟ ಆಯ್ತಾ, ಆಯ್ತು. ನಲ್ಲಿ ಬಿಗಿ ಮಾಡಿದೀನಿ, ಸರಿ. ಜಗಳವಿಲ್ಲ, ಮುನಿಸಿಲ್ಲ. ಎದುರುಬದುರಾದ ಎರಡು ಬಸ್ಸುಗಳ ಡ್ರೈವರುಗಳು ಕೈ ಎತ್ತಿ ಮುಂದೆ ಹೋದ ಹಾಗೆ. ಆಮೇಲೆ ಅವರು ತಮ್ಮ ಕೋಣೆಗೆ ಹೋಗಿ ರೇಡಿಯೋ ಹಾಕುತ್ತಾರೆ. ಅತ್ತೆಯನ್ನು ನಾನು ನೋಡಿಲ್ಲ. ನಾನು ಬರುವ ಎರಡು ವರ್ಷ ಮೊದಲೇ ಹೃದಯ ನಿಂತು ತೀರಿಕೊಂಡರಂತೆ.

ಡಿಪೋದಲ್ಲಿ ನಾಟಕ ಕಂಪನಿ ಇವತ್ತು ಮತ್ತೆ ರಜೆ. ಸೊಂಟನೋವು ಅಂತ ತಿಂಗಳಿಗೆ ಮೂರು ಸಲ ಮಲಗುವ ಆ ಡ್ರೈವರಿಗೆ ಆ ಹೆಸರಿಟ್ಟವಳು ನಾನೇ, ಈಗ ಇಡೀ ಡಿಪೋ ಹಾಗೇ ಕರೆಯುತ್ತದೆ. ಅವನ ಪಾಲಿನ ಎರಡು ಸುತ್ತು ನನ್ನ ತಲೆಗೆ ಕಟ್ಟಿದರು.

ಅಂದಹಾಗೆ ನನ್ನ ಎಡ ಪಕ್ಕೆಯಲ್ಲಿ ಏನೋ ಚುಳುಕು. ನಿನ್ನೆ ಬಸ್ಸಿನ ಹಿಂಬಾಗಿಲು ಸಿಕ್ಕಿಹಾಕಿಕೊಂಡಾಗ ಹೆಗಲು ಕೊಟ್ಟು ನೂಕಿದ್ದೆ. ಅದರದ್ದೇ ಇರಬೇಕು.

ಮಾರ್ಚ್ 4, ಮಂಗಳವಾರ

ಚುಳುಕಲ್ಲ, ಉರಿ. ಪಕ್ಕೆಗೆ ಯಾರೋ ಇಸ್ತ್ರಿಪೆಟ್ಟಿಗೆ ಒತ್ತಿ ಮರೆತು ಹೋದ ಹಾಗೆ. ತಮಾಷೆಯೆಂದರೆ ಕನ್ನಡಿಯಲ್ಲಿ ನೋಡಿದರೆ ಒಂದು ಗೀರೂ ಇಲ್ಲ. ಅಂಗಿ ತಾಗಿದರೆ ಜೀವ ಹೋಗುತ್ತದೆ, ಅಂಗೈಯಿಂದ ಗಟ್ಟಿಯಾಗಿ ಒತ್ತಿದರೆ ಸ್ವಲ್ಪ ಹಿತ. ಸೀಟ್ ಬೆಲ್ಟು ಸರಿಯಾಗಿ ಅದೇ ಜಾಗದ ಮೇಲೆ ಹಾದುಹೋಗುತ್ತದೆ. ನಮ್ಮ ಹದಿನಾಲ್ಕನೇ ನಂಬರಿನ ದಾರಿಯಲ್ಲಿ ಎಷ್ಟು ರಸ್ತೆಯುಬ್ಬುಗಳಿವೆ ಎಂದು ಯಾರಾದರೂ ಕೇಳಿದರೆ ಇನ್ನು ನಿದ್ದೆಯಲ್ಲೂ ಹೇಳಬಲ್ಲೆ. ಮೂವತ್ತೊಂದು.

ಡ್ಯೂಟಿ ಹಂಚುವ ಅಕ್ಕ ವಾಯು ಅಂದರು. ಕಂಡಕ್ಟರ್ ಹೃದಯ ಅಂದ. ಮೆಕ್ಯಾನಿಕ್ ನಗುತ್ತ ವಯಸ್ಸಾಯ್ತು ಅಂದ. ಮೂವತ್ತನಾಲ್ಕಕ್ಕೆ.

ಮಾರ್ಚ್ 5, ಬುಧವಾರ

ಬೆಳಿಗ್ಗೆ ನೋಡಿದರೆ ಪಕ್ಕೆಯ ಮೇಲೆ ಕೆಂಪು ಪಟ್ಟಿ. ಅದರ ಮೇಲೆ ಸಾಸಿವೆ ಕಾಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಗುಳ್ಳೆ. ತಿಗಣೆ ಎಂದು ತೀರ್ಮಾನಿಸಿದೆ. ಮಧ್ಯಾಹ್ನದ ಡ್ಯೂಟಿಗೆ ಇನ್ನೂ ಹೊತ್ತಿತ್ತು. ಹಾಸಿಗೆ ಬಿಸಿಲಿಗೆ ಹಾಕಿ, ಹೊದಿಕೆಗಳನ್ನೆಲ್ಲ ಬಿಸಿನೀರಲ್ಲಿ ಅದ್ದಿ ಹಿಂಡಿ, ಮಾಳಿಗೆಯ ತಂತಿಯ ಮೇಲೆ ಒಣಗಿಸುತ್ತಿದ್ದೆ. ಒಂದು ಕೈಯಲ್ಲಿ ಹೊದಿಕೆ, ಇನ್ನೊಂದು ಕೈಯ ಎರಡು ಬೆರಳಲ್ಲಿ ನನ್ನ ಅಂಗಿಯನ್ನು ಮೈಯಿಂದ ದೂರ ಎತ್ತಿ ಹಿಡಿದುಕೊಂಡಿದ್ದೆ. ಹಿರಿಯರು ಗಿಡಕ್ಕೆ ನೀರು ಹಾಕಲು ಬಂದವರು ಹಾಗೇ ನಿಂತುಬಿಟ್ಟರು.

“ಒಂದೇ ಕಡೆನಾ?” ಎಂದರು.

ಏನು ಕೇಳುತ್ತಿದ್ದಾರೆ ಎಂದು ತಿಳಿಯಲಿಲ್ಲ.

“ಉರಿ. ಎಡಗಡೆ ಒಂದೇ ಕಡೆನಾ? ಬೆನ್ನಿಂದ ಮುಂದಕ್ಕೆ ಬಂದಿದ್ಯಾ?”

ಹೌದು ಎಂದೆ. ಗುಳ್ಳೆ ಎದ್ದಿದೆಯಾ ಎಂದು ಕೇಳಿದರು. ಇವತ್ತು ಬೆಳಿಗ್ಗೆ ಎದ್ದಿದೆ, ತಿಗಣೆ ಇರಬೇಕು ಎಂದೆ. ನೀರಿನ ಮಗ್ಗನ್ನು ಅಲ್ಲೇ ಕೆಳಗಿಟ್ಟರು.

“ಚಪ್ಪಲಿ ಹಾಕ್ಕೋಮ್ಮ. ಡಾಕ್ಟ್ರ ಹತ್ರ ಹೋಗೋಣ.”

ಡ್ಯೂಟಿ ಮುಗಿಸಿ ನಾಳೆ ಹೋಗುತ್ತೇನೆ ಎಂದೆ. ಅವರು ಮೆಟ್ಟಿಲ ಬಾಯಿಗೆ ಅಡ್ಡ ನಿಂತರು. ಕೈಯಲ್ಲೇನೂ ಇರಲಿಲ್ಲ, ಗದರಿಸಲೂ ಇಲ್ಲ, ಸುಮ್ಮನೆ ನಿಂತರು. ಏಳು ವರ್ಷದಲ್ಲಿ ಆ ಮನುಷ್ಯ ನನ್ನ ದಾರಿಗೆ ಅಡ್ಡ ಬಂದದ್ದು ಇದೇ ಮೊದಲು. ಆ ಬೆರಗಿನಲ್ಲೇ ಚಪ್ಪಲಿ ಹಾಕಿಕೊಂಡೆ.

ಡಾಕ್ಟರು ನನಗಿಂತ ಚಿಕ್ಕವರು, ಕಣ್ಣು ಚುರುಕು. ನೋಡಿದ ಅರ್ಧ ನಿಮಿಷಕ್ಕೆ ಸರ್ಪಸುತ್ತು ಎಂದರು. ಅದು ಮುದುಕರ ಕಾಯಿಲೆಯಲ್ಲವೇ ಎಂದು ಕೇಳಿದೆ. ಐವತ್ತು ದಾಟಿದವರಿಗೆ ಹೆಚ್ಚು, ಆದರೆ ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬಂದು ಹೋದ ಯಾರಿಗೂ ಯಾವ ವಯಸ್ಸಲ್ಲೂ ಬರಬಹುದು ಎಂದರು. ನನಗೆ ಒಂಬತ್ತನೇ ವಯಸ್ಸಲ್ಲಿ ಬಂದಿತ್ತು. ಆ ವೈರಸ್ಸು ಹೋಗಿರುವುದೇ ಇಲ್ಲವಂತೆ. ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಮುದುಡಿ ಮಲಗಿರುತ್ತದಂತೆ. ಇಪ್ಪತ್ತೈದು ವರ್ಷ ಬಾಡಿಗೆಯಿಲ್ಲದೆ ನನ್ನ ಮೈಯಲ್ಲಿ ವಾಸವಿದ್ದು ಈಗ ಎದ್ದು ಮನೆಯೊಡತಿಗೇ ಬೆಂಕಿ ಇಟ್ಟಿದೆ.

ದಿನಕ್ಕೆ ಐದು ಸಲ ಮಾತ್ರೆ, ಏಳು ದಿನ. ಗುಳ್ಳೆ ಎದ್ದ ಮೂರು ದಿನದೊಳಗೆ ಶುರು ಮಾಡಿದರೆ ಒಳ್ಳೆಯದು, ಮೊದಲ ದಿನವೇ ಬಂದಿದ್ದೀರಿ, ಜಾಣರು ಎಂದು ನನ್ನನ್ನು ಹೊಗಳಿದರು. ಜಾಣರು ಮೂಲೆಯ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಹಕ್ಕಳೆ ಕಟ್ಟುವವರೆಗೆ ಗಾಯ ಮುಚ್ಚಿಕೊಂಡಿರಬೇಕು, ಬಸುರಿಯರು ಮತ್ತು ಕೂಸುಗಳಿಂದ ದೂರವಿರಬೇಕು, ಕೆಲಸಕ್ಕೆ ಹೋಗಕೂಡದು. ಮನೆಯವರಿಗೆ ಚಿಕನ್ ಪಾಕ್ಸ್ ಆಗಿದೆಯಾ ಎಂದು ಕೇಳಿದರು. ಹಿರಿಯರು ಮುಖದ ಮೇಲಿನ ಹಳೇ ಗುಳಿಯೊಂದನ್ನು ತೋರಿಸಿದರು. ಇಷ್ಟು ಚಿಕ್ಕ ವಯಸ್ಸಿಗೆ ಬಂದಿದೆ, ಯಾವುದಕ್ಕೂ ಇರಲಿ ಎಂದು ರಕ್ತವನ್ನೂ ತೆಗೆದುಕೊಂಡರು.

ಬರುವಾಗ ದಾರಿಯಲ್ಲಿ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. “ಗೊತ್ತಿತ್ತು,” ಎಂದರು. ಮತ್ತೆ ಟಿಕೆಟ್ಟಿನ ಬೆನ್ನಿಗೆ ಸಾಲುವಷ್ಟೇ ಮಾತು.

ಮಾರ್ಚ್ 6, ಗುರುವಾರ

ಗಂಡನಿಗೆ ಫೋನ್ ಮಾಡಿದೆ. ಹೆಸರು ಕೇಳಿ ಮೊದಲು ನಕ್ಕರು, ಆಮೇಲೆ ಹೆದರಿದರು, ಆಮೇಲೆ ಹೊರಟು ಬರುತ್ತೇನೆ ಎಂದರು. ಅರ್ಧ ಕೂರಿಸಿದ ಲಿಫ್ಟ್ ಬಿಟ್ಟು ಬರುವುದು ಬೇಡ, ಜನ ಮೆಟ್ಟಿಲು ಹತ್ತುತ್ತ ನಮ್ಮನ್ನು ಶಪಿಸುತ್ತಾರೆ ಎಂದೆ. ಅದಕ್ಕೆ ಅವರು, ಅಮ್ಮನಿಗೂ ಒಮ್ಮೆ ಹೀಗೇ ಏನೋ ಆಗಿತ್ತು, ನಾನಾಗ ತರಬೇತಿಗೆಂದು ದೂರದಲ್ಲಿದ್ದೆ, ಸರಿಯಾಗಿ ಗೊತ್ತಿಲ್ಲ ಎಂದರು.

ರಜೆ ಕೇಳಲು ಡ್ಯೂಟಿ ಅಕ್ಕನಿಗೆ ಫೋನ್ ಮಾಡಿದರೆ ಅವರದು ಇನ್ನೊಂದು ಕಥೆ. ಹಾವು ಮೈಯನ್ನು ಪೂರಾ ಸುತ್ತಿ ಹೆಡೆ ಬಾಲ ಸೇರಿದರೆ ಆಸೆ ಬಿಡಬೇಕಂತೆ. ಫೋನಿಟ್ಟವಳೇ ಅಳತೆಪಟ್ಟಿ ತಂದು ಕನ್ನಡಿಯ ಮುಂದೆ ನಿಂತೆ. ಹೆಡೆ ಬೆನ್ನುಮೂಳೆಯ ಹತ್ತಿರ, ಬಾಲ ಎದೆಯ ಕೆಳಗೆ. ಮಧ್ಯೆ ಬಲಭಾಗ ಪೂರ್ತಿ ಖಾಲಿ. ನರ ಮೈಯ ನಡುಗೆರೆಗೆ ಬಂದು ನಿಲ್ಲುತ್ತದೆ, ಆಚೆ ದಾಟುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ನಂಬಿಕೆಯಿತ್ತು. ಆದರೂ ಅಳೆದೆ. ಸಂಜೆ ಇನ್ನೊಮ್ಮೆ ಅಳೆದೆ.

ಮಾರ್ಚ್ 8, ಶನಿವಾರ

ನೋವು.

ರಕ್ತಪರೀಕ್ಷೆಯಲ್ಲಿ ಎಲ್ಲ ಸರಿಯಿದೆಯಂತೆ. ಸಕ್ಕರೆ ಇಲ್ಲ, ಬೇರೇನೂ ಇಲ್ಲ. ಸುಮ್ಮನೆ ಬಂದಿದೆ. ಸುಮ್ಮನೆ ಬಂದದ್ದರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ.

ಮಾರ್ಚ್ 9, ಭಾನುವಾರ

ಈಗ ಸ್ವಲ್ಪ ಬರೆಯಬಲ್ಲೆ. ಹಿರಿಯರು ಮನೆಯನ್ನು ಪಂಪ್‌ಹೌಸ್ ಮಾಡಿಬಿಟ್ಟಿದ್ದಾರೆ. ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ. ಬೆಳಿಗ್ಗೆ ಆರು, ಹತ್ತು, ಎರಡು, ಆರು, ಹತ್ತು. ಪ್ರತಿ ಮಾತ್ರೆಗೆ ಒಂದು ಗೀಟು. ಇಲಾಖೆಯಲ್ಲಿ ಯಾವ ಬಡಾವಣೆಗೆ ಯಾವಾಗ ನೀರು ಬಿಡಬೇಕೆಂದು ಹೀಗೇ ಬರೆಯುತ್ತಿದ್ದರಂತೆ. ಗಡಿಯಾರ ಎರಡು ತೋರಿಸುವ ಹೊತ್ತಿಗೆ ಬಾಗಿಲ ಹೊರಗೆ ಕೆಮ್ಮು ಕೇಳುತ್ತದೆ. ತಟ್ಟೆಯಲ್ಲಿ ಮಾತ್ರೆ, ನೀರು, ಎರಡು ತುಂಡು ಬ್ರೆಡ್ಡು. ಒಳಗೆ ಬರುವುದಿಲ್ಲ, ಸ್ಟೂಲಿನ ಮೇಲಿಟ್ಟು ಹೋಗುತ್ತಾರೆ. ರೇಡಿಯೋ ಸದ್ದಿಲ್ಲ. ಕೆಟ್ಟಿರಬೇಕು ಅಂದುಕೊಂಡಿದ್ದೆ. ಕೆಟ್ಟಿಲ್ಲವಂತೆ.

ದೊಡ್ಡ ಸಮಸ್ಯೆ ಬಟ್ಟೆಯದು. ಯಾವುದನ್ನು ಹಾಕಿದರೂ ಪಕ್ಕೆಯ ಹೊಲಿಗೆ ಸರಿಯಾಗಿ ಗುಳ್ಳೆಯ ಮೇಲೆ. ಒಳಉಡುಪಿನ ಮಾತು ಬೇಡವೇ ಬೇಡ. ಇದನ್ನು ಮಾವನ ಹತ್ತಿರ ಹೇಳುವುದು ಹೇಗೆ? ಹೇಳಲಿಲ್ಲ. ಆದರೆ ಹತ್ತು ಗಂಟೆಯ ತಟ್ಟೆಯ ಪಕ್ಕದಲ್ಲಿ ಮಡಿಸಿಟ್ಟ ಒಂದು ಹಳೇ ಹತ್ತಿಯ ನೈಟಿ ಇತ್ತು. ತೊಳೆದು ತೊಳೆದು ಹೂವಿನಂತೆ ಮೆತ್ತಗಾಗಿತ್ತು. ಬಿಡಿಸಿ ನೋಡಿದರೆ ಎಡಗಡೆ ಕಂಕುಳಿಂದ ಸೊಂಟದವರೆಗೆ ಹೊಲಿಗೆಯೇ ಇಲ್ಲ. ಹೊಲಿಗೆ ಬಿಚ್ಚಿ, ಎರಡೂ ಅಂಚು ಮಡಿಸಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಲು ಲಾಡಿ ಹೊಲಿದಿದ್ದಾರೆ. ಎಡಗಡೆ ಮಾತ್ರ.

ಹಾಕಿಕೊಂಡೆ. ಐದು ದಿನದಲ್ಲಿ ಮೊದಲ ಸಲ ಮೈಗೆ ಬಟ್ಟೆ ಇದ್ದೂ ಇಲ್ಲದ ಹಾಗಿತ್ತು. ಇದನ್ನು ಹೊಲಿದುಕೊಂಡವರಿಗೆ ಎಲ್ಲಿ ನೋಯುತ್ತಿತ್ತೆಂದು ನನಗೆ ಬೆರಳಿಟ್ಟು ತೋರಿಸಲು ಬರುತ್ತದೆ. ನಾನು ಮುಖ ನೋಡದ ಹೆಂಗಸು.

ಮಾರ್ಚ್ 11, ಮಂಗಳವಾರ

ಇವತ್ತು ಮಾವ ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಕೂತರು. ನಾನು ನೈಟಿಯ ವಿಷಯ ಕೇಳಿದ್ದೆ.

ಅತ್ತೆಗೆ ಐವತ್ತೊಂದು ತುಂಬಿದಾಗ ಬಂದಿತ್ತಂತೆ. ಸೆಖೆಯ ಗುಳ್ಳೆ ಎಂದು ಹತ್ತು ದಿನ ಏನೇನೋ ಹಚ್ಚಿಕೊಂಡು ಕಳೆದರು, ಆಮೇಲೆ ಡಾಕ್ಟರ ಹತ್ತಿರ ಹೋದರು. ಮೂರು ವಾರಕ್ಕೆ ಗುಳ್ಳೆ ಒಣಗಿ ಚರ್ಮ ಮೊದಲಿನ ಹಾಗಾಯಿತು. ನೋವು ಮಾತ್ರ ಹೋಗಲಿಲ್ಲ. ಕೆಲವರಿಗೆ ಹಾಗೆ ನರದಲ್ಲೇ ನಿಂತುಬಿಡುತ್ತದಂತೆ. ಸಾಯುವವರೆಗೆ, ನಾಲ್ಕು ವರ್ಷ ಇತ್ತು.

“ಮೇಲೆ ಏನೂ ಕಾಣ್ತಿರ್ಲಿಲ್ಲಮ್ಮ,” ಎಂದರು. “ಕೈ ಇಟ್ಟು ನೋಡಿದ್ರೆ ತಣ್ಣಗಿರೋದು. ನಾನು ಒಣಗಿದ್ಯಲ್ಲ, ಇನ್ನೇನು ಅಂತಿದ್ದೆ. ಅವಳು ನರಳಿದ್ರೆ ರೇಡಿಯೋ ಜೋರು ಮಾಡ್ತಿದ್ದೆ.”

ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದರು. 

“ಒಂದು ಸಲ ಅಂದುಬಿಟ್ಟೆ. ಎಷ್ಟು ದಿನ ಅಂತ ನಾಟಕ ಆಡ್ತೀಯ ಅಂತ. ಅವತ್ತಿಂದ ಅವಳು ನನ್ನ ಮುಂದೆ ನೋವು ಅನ್ನೋದನ್ನೇ ಬಿಟ್ಟಳು. ನಾನು ವಾಸಿ ಆಯ್ತು ಅಂದ್ಕೊಂಡೆ. ಪೆಟ್ಟಿಗೇಲಿ ಆ ನೈಟಿ ಸಿಕ್ಕಿದ್ದು ಅವಳು ಹೋದ್ಮೇಲೆ. ಅಂಥದ್ದು ಆರು ಇದ್ವು.”

ಬಿಡಿ ಮಾವ, ಆಗ ನಿಮಗೇನು ಗೊತ್ತಿತ್ತು ಎನ್ನಬೇಕೆಂದು ಬಾಯಿಗೆ ಬಂತು. ಆದರೆ ಪಕ್ಕೆ ಉರಿಯುತ್ತಿತ್ತು. ಉರಿಯುವ ಪಕ್ಕೆ ಇಟ್ಟುಕೊಂಡು ಆ ಮಾತು ಹೇಳಲು ಆಗಲಿಲ್ಲ.

“ಹಾಗೆ ಅನ್ನಬಾರದಿತ್ತು,” ಎಂದೆ.

“ಹೂಂ. ಅನ್ನಬಾರದಿತ್ತು,” ಎಂದರು. ತಟ್ಟೆ ಎತ್ತಿಕೊಂಡು ಎದ್ದವರು ತಿರುಗಿ ನೋಡಿದರು. “ಇದನ್ನ ಇಬ್ಬರು ಮೂವರ ಹತ್ರ ಹೇಳಿದೀನಿ. ಎಲ್ಲರೂ ಬಿಡಿ ಬಿಡಿ ಅಂದ್ರು. ಅನ್ನಬಾರದಿತ್ತು ಅಂದವಳು ನೀನೊಬ್ಬಳೇ.”

ಅವರಿಗೆ ಬೇಜಾರಾಯಿತೋ ಹಗುರಾಯಿತೋ ನನಗೆ ತಿಳಿಯಲಿಲ್ಲ. ಎರಡು ಗಂಟೆಯ ಮಾತ್ರೆ ಮಾತ್ರ ಎರಡಕ್ಕೇ ಬಂತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಕಟ್ಟಿದವರು ಅತ್ತೆಗೂ ಸೊಸೆಗೂ ಒಂದೇ ಪಕ್ಕೆಯಲ್ಲಿ ಒಂದೇ ಹಾವು ಸುತ್ತಿಕೊಳ್ಳುವುದನ್ನು ಯೋಚಿಸಿರಲಿಕ್ಕಿಲ್ಲ.

ಮಾರ್ಚ್ 14, ಶುಕ್ರವಾರ

ಹಕ್ಕಳೆ ಕಟ್ಟಿದೆ. ಈಗ ತುರಿಕೆ. ಕೆರೆದುಕೊಳ್ಳಕೂಡದು. ಎರಡೂ ಕೈಗೆ ಕೆಲಸ ಬೇಕೆಂದು ಮಾವನಿಂದ ನಲ್ಲಿಯ ವಾಷರ್ ಬದಲಿಸುವುದನ್ನು ಕಲಿತೆ. ಮನೆಯಲ್ಲಿರುವ ನಾಲ್ಕು ನಲ್ಲಿಗಳಲ್ಲಿ ಮೂರು ಸರಿಯಿದ್ದವು. ನಾಲ್ಕನ್ನೂ ಬಿಚ್ಚಿದೆವು. ಈಗ ಎರಡು ಸೋರುತ್ತಿವೆ. ಒಂದು ನಾನು ಜೋಡಿಸಿದ್ದು. ಇನ್ನೊಂದು ಯಾರು ಜೋಡಿಸಿದ್ದೆಂದು ಹೇಳಿದರೆ ಇಲಾಖೆಗೆ ಅವಮಾನ.

ಮಾರ್ಚ್ 17, ಸೋಮವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ಗಾಯ ಚೆನ್ನಾಗಿ ಒಣಗಿದೆಯಂತೆ. ಉರಿ ಇನ್ನೂ ಇದೆ, ಆದರೆ ಮೊದಲಿನ ಕಾಲು ಭಾಗ. ಹಾಗೇ ನಿಂತುಬಿಡುತ್ತದೆಯೇ ಎಂದು ಕೇಳಿದೆ.  ವಯಸ್ಸು ಚಿಕ್ಕದು, ಔಷಧಿ ಬೇಗ ಶುರುವಾಗಿದೆ, ಹೋಗುವ ಸಾಧ್ಯತೆಯೇ ಹೆಚ್ಚು ಎಂದರು. ಖಂಡಿತ ಎನ್ನಲಿಲ್ಲ. ಆ ಪ್ರಾಮಾಣಿಕತೆ ಆಗ ಬೇಕಿರಲಿಲ್ಲ.

ಇದಕ್ಕೆ ಲಸಿಕೆ ಇದೆಯಂತಲ್ಲ, ಈಗಲೇ ಚುಚ್ಚಿಬಿಡಿ, ಇನ್ನೊಂದು ಸಲ ಈ ಸುತ್ತು ನನ್ನಿಂದಾಗದು ಎಂದು ತೋಳು ಮುಂದೆ ಮಾಡಿದೆ. ಡಾಕ್ಟರ್ ನಕ್ಕು ತೋಳನ್ನು ವಾಪಸ್ ಕೊಟ್ಟರು. ಲಸಿಕೆ ಇದೆ, ಎರಡು ಸಲ ಹಾಕಿಸಿಕೊಳ್ಳಬೇಕು. ಆದರೆ ಅದು ಐವತ್ತು ದಾಟಿದವರಿಗೆ, ಇಲ್ಲವೇ ಯಾವುದಾದರೂ ಕಾಯಿಲೆಯಿಂದಲೋ ಔಷಧಿಯಿಂದಲೋ ಮೈಯ ಶಕ್ತಿ ಕುಂದಿದವರಿಗೆ. ನಿಮಗೆ ಅಂಥದ್ದೇನೂ ಇಲ್ಲ. ಇನ್ನೊಮ್ಮೆ ಬರಲೇಬಾರದೆಂದಿಲ್ಲ, ಆದರೆ ನಿಮ್ಮ ವಯಸ್ಸಿಗೆ ಆ ಸಾಧ್ಯತೆ ಕಡಿಮೆ. ಮುಂದೆ ಆರೋಗ್ಯ ಬದಲಾದರೆ ಆಗ ಮತ್ತೆ ಮಾತಾಡೋಣ, ಇಲ್ಲದಿದ್ದರೆ ಐವತ್ತಕ್ಕೆ ಬನ್ನಿ ಎಂದರು.

“ಮನೇಲಿ ಐವತ್ತು ದಾಟಿದವರು ಯಾರಿದ್ದಾರೆ?”

ನಾವಿಬ್ಬರೂ ಮೂಲೆಯ ಕುರ್ಚಿಯ ಕಡೆ ತಿರುಗಿದೆವು. ಅರವತ್ತಾರರ ಮಾವ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರಂತೆ,” ಎಂದು ಎದ್ದು ಹೊರಗೆ ಹೋದರು.

ಸೂಜಿಗೆ ಹೆದರುತ್ತಾರೆ ಎಂದು ಕಾಣುತ್ತದೆ. ನೆಲದಡಿ ಎರಡಾಳು ಆಳದಲ್ಲಿ ಕೂತು ಪೈಪು ಬೆಸೆದ ಗಂಡಸು.

ಮಾರ್ಚ್ 24, ಸೋಮವಾರ

ಡಿಪೋಗೆ ಹೋಗಿ ಬಂದೆ. ಇನ್ನೊಂದು ವಾರ ಬಸ್ ಓಡಿಸಬೇಡಿ, ಬೆಲ್ಟು ತಾಗುತ್ತದೆ ಎಂದು ಡಾಕ್ಟರ್ ಬರೆದುಕೊಟ್ಟಿದ್ದರು. ಡ್ಯೂಟಿ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಚೆನ್ನಾಗೇ ಇದ್ದೀಯಲ್ಲ, ಏನೂ ಕಾಣಲ್ಲವಲ್ಲ ಎಂದರು. ಕೆಟ್ಟ ಮನಸ್ಸಿನಿಂದ ಅಲ್ಲ. ನಾನು ಕಾಗದ ಮೇಜಿನ ಮೇಲಿಟ್ಟೆ. ಕಚೇರಿಯಲ್ಲಿ ಕೂತು ವೇಳಾಪಟ್ಟಿ ನಕಲು ಮಾಡುವ ಕೆಲಸ ಕೊಟ್ಟಿದ್ದಾರೆ.

ಮಧ್ಯಾಹ್ನ ಊಟದ ಹೊತ್ತಿಗೆ ಸೊಂಟನೋವಿನ ಡ್ರೈವರ್ ಬಂದು ಎದುರಿಗೆ ಕೂತ. ಗಟ್ಟಿ ಬೆಂಚಿನ ಮೇಲೆ ಹೇಗೆ ಕೂತರೆ ನೋವು ಕಡಿಮೆ ಎಂದು ಅವನಿಗೆ ಬಹಳ ಗೊತ್ತಿದೆ. ಒಂದು ತೊಡೆಯ ಕೆಳಗೆ ಮಡಿಸಿದ ಟವೆಲ್ಲು ಇಡಬೇಕಂತೆ. ಇಟ್ಟೆ. ಪಕ್ಕೆಗೂ ವಾಸಿ. ವೇಳಾಪಟ್ಟಿ ನಕಲು ಮಾಡುವಾಗ ನೋಡಿದರೆ ಮೂರನೇ ನಂಬರಿಗೆ ಇನ್ನೂ ಡ್ರೈವರನ್ನು ಹಾಕಿರಲಿಲ್ಲ. ಆ ದಾರಿಯಲ್ಲಿ ಬರೀ ನಾಲ್ಕು ರಸ್ತೆಯುಬ್ಬು. ಅದನ್ನು ಅವನಿಗೆ ಯಾಕೆ ಕೊಡಬಾರದು ಎಂದು ಡ್ಯೂಟಿ ಅಕ್ಕನನ್ನು ಕೇಳಿದೆ. ನಿನಗೇನಾಯ್ತೇ ಎಂದರು. ನನಗೇನಾಗಬೇಕು? ಖಾಲಿ ಇತ್ತು, ಹೇಳಿದೆ.

ಏಪ್ರಿಲ್ 1, ಮಂಗಳವಾರ

ಬಸ್ ಓಡಿಸಿದೆ. ಮೂವತ್ತೊಂದರಲ್ಲಿ ಎರಡು ಉಬ್ಬುಗಳು ಮಾತ್ರ ಹಲ್ಲು ಕಚ್ಚಿಸಿದವು.

ಏಪ್ರಿಲ್ 5, ಶನಿವಾರ

ಲಸಿಕೆಯ ವಿಷಯ ನಾನು ಬಿಟ್ಟಿರಲಿಲ್ಲ. ಚಹಾ ಕುಡಿಯುವಾಗ, ತರಕಾರಿ ಹೆಚ್ಚುವಾಗ, ನಡುನಡುವೆ ಒಂದು ಮಾತು ಎಸೆಯುತ್ತಿದ್ದೆ. ಮಾವ ಕಿವುಡರಾಗುತ್ತಿದ್ದರು. ಇವತ್ತು ಅವರು ಬೀನ್ಸಿನ ನಾರು ತೆಗೆಯುತ್ತ ಕೂತಿದ್ದಾಗ, ಸೂಜಿ ಒಂದು ಕ್ಷಣ ಅಷ್ಟೇ, ನಾನು ಕೈ ಹಿಡಿದುಕೊಳ್ಳುತ್ತೇನೆ ಎಂದೆ.

“ಸೂಜಿ ಅಲ್ಲಮ್ಮ,” ಎಂದರು. ಬೀನ್ಸು ಕೆಳಗಿಟ್ಟರು. “ನನಗೆ ಬಂದ್ರೆ ಬರ್ಲಿ. ಅವಳು ನಾಲ್ಕು ವರ್ಷ ಪಟ್ಟಿದ್ದು ಏನು ಅಂತ ನನಗೂ ಗೊತ್ತಾಗ್ಲಿ. ಅದು ನನಗೆ ಬರಬೇಕಾದ್ದೇ.”

ಓಹೋ, ಇಷ್ಟು ದಿನ ಈ ಮನುಷ್ಯ ಒಳಗೆ ಇದನ್ನು ಕಾಯಿಸುತ್ತ ಕೂತಿದ್ದಾರೆ. ಸಂಕಟವಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

“ನಿಮಗೆ ಬಂದ್ರೆ ನೋಡ್ಕೊಳ್ಳೋರು ಯಾರು? ನಾನು,” ಎಂದೆ. “ನಿಮ್ಮ ಮಗ ಯಾವುದೋ ಕಟ್ಟಡದ ತುದೀಲಿ ನೇತಾಡ್ತಿರ್ತಾರೆ. ಬೆಳಿಗ್ಗೆ ಆರಕ್ಕೆ ಎದ್ದು ಗೀಟು ಹಾಕೋಳು ನಾನು. ನಿಮ್ಮ ಪ್ರಾಯಶ್ಚಿತ್ತಕ್ಕೆ ನನ್ನ ರಜೆ ಯಾಕೆ ಖರ್ಚಾಗಬೇಕು ಮಾವ?”

ಅವರು ನನ್ನನ್ನೇ ನೋಡಿದರು. ನಾನು ಹೇಳಿದ್ದು ಹೆಚ್ಚಾಯಿತೇನೋ ಎಂದು ಅಳುಕಿದೆ. ಅಷ್ಟರಲ್ಲಿ ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ನನಗೂ ನಗು ಬಂತು. ನಕ್ಕರೆ ಪಕ್ಕೆ ನೋಯುತ್ತದೆ, ನಗಿಸಬೇಡಿ ಎಂದರೆ ಇನ್ನೂ ನಗು.

ನಗು ನಿಂತ ಮೇಲೆ ಹೇಳಿದೆ. ನೀವು ನೋವು ಪಟ್ಟರೆ ಅವರ ನೋವು ಒಂದು ಗುಲಗಂಜಿಯಷ್ಟೂ ಹಿಂದಕ್ಕೆ ಹೋಗುವುದಿಲ್ಲ. ಇರುವ ನೋವೇ ಸಾಕು, ಹೊಸದನ್ನು ಕರೆಯುವುದು ಬೇಡ. ಮಾವ ಬೀನ್ಸು ಪೂರ್ತಿ ಮುಗಿಸಿದರು.

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಮಾವ ಬಾಗಿಲಲ್ಲಿ ನಿಂತು, ಆ ಡಾಕ್ಟರಮ್ಮ ಶನಿವಾರ ಇರುತ್ತಾರಾ ಎಂದು ಕೇಳಿದರು. ಯಾಕೆ ಎಂದೆ. ಎಮ್ಮೆ ಹೊರಟಿದೆ ಎಂದರು.

ಏಪ್ರಿಲ್ 19, ಶನಿವಾರ

ಹೋದ ಶನಿವಾರ ಲಸಿಕೆ ಬಂದಿರಲಿಲ್ಲ, ತರಿಸಲು ಹೇಳಿ ಬಂದಿದ್ದೆವು. ಇವತ್ತು ಆಯಿತು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ತೋಳು ಮಡಿಸಲಾಗದೆ ಅದನ್ನು ಬಿಚ್ಚಿ ಕೂತರು. ಸೂಜಿ ಒಳಗೆ ಹೋದದ್ದೇ ಅವರಿಗೆ ತಿಳಿಯಲಿಲ್ಲ. ಅವರು ಡಾಕ್ಟರನ್ನು ಒಂದು ಪ್ರಶ್ನೆ ಕೇಳುವ ಯೋಚನೆಯಲ್ಲಿದ್ದರು.

“ಹದಿಮೂರು ವರ್ಷದ ಹಿಂದೆ ಇದನ್ನ ಹಾಕ್ಸಿದ್ರೆ ನಮ್ಮ ಮನೆಯವಳಿಗೆ ತಪ್ಪುತ್ತಿತ್ತಾ ಡಾಕ್ಟ್ರೇ?”

ಡಾಕ್ಟರ್ ಕೈಯಲ್ಲಿದ್ದ ಹತ್ತಿಯನ್ನು ಬುಟ್ಟಿಗೆ ಹಾಕಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಈ ಲಸಿಕೆ ಆಗ ಬಂದೇ ಇರಲಿಲ್ಲ, ಬೇಗ ಔಷಧಿ ಶುರು ಮಾಡಿದ್ದರೆ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ, ಅದನ್ನೂ ಹೀಗೇ ಎಂದು ಹೇಳಲಾಗದು ಎಂದರು. ಮಾವ ತಲೆಯಾಡಿಸಿದರು.

“ನಾನು ಅವಳನ್ನ ನಂಬಿದ್ದಿದ್ರೆ ಕಡಿಮೆ ಆಗ್ತಿತ್ತು,” ಎಂದರು. ಹೇಳಿದ್ದು ಡಾಕ್ಟರಿಗಲ್ಲ. ಅಂಗಿ ಹಾಕಿಕೊಂಡು ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದರು. ಒಂದು ಗುಂಡಿ ತಪ್ಪಿ ಅಂಗಿ ವಾಲಿತ್ತು. ನಾನು ಸರಿ ಮಾಡಿದೆ.

ಏಪ್ರಿಲ್ 20, ಭಾನುವಾರ

ತೋಳು ಊದಿದೆ, ಮೈ ಬಿಸಿ. ಒಂದೆರಡು ದಿನ ಹೀಗಿರಬಹುದು ಎಂದು ಹೇಳಿಯೇ ಕಳಿಸಿದ್ದರು. ಗೋಡೆಯ ಹಾಳೆಯನ್ನು ತಿರುಗಿಸಿ ಅಂಟಿಸಿ ಹೊಸ ಗೀಟು ಹಾಕುತ್ತಿದ್ದೇನೆ. ಮಧ್ಯಾಹ್ನ ಕೋಣೆಯ ಮುಂದೆ ಹಾದುಹೋಗುವಾಗ, “ನೋಯ್ತಿದೆ ಕಣಮ್ಮ,” ಎಂದು ಕರೆದರು. ಮಗು ಕರೆದ ಹಾಗೆ. ಒದ್ದೆ ಬಟ್ಟೆ ಇಟ್ಟು ಪಕ್ಕದಲ್ಲಿ ಕೂತೆ. ಅತ್ತೆ ಹೇಗಿದ್ದರು ಎಂದು ಕೇಳಿದೆ. ಎತ್ತರವಿದ್ದರು, ಸುಳ್ಳು ಹೇಳಲು ಬರುತ್ತಿರಲಿಲ್ಲ, ಬಸ್ಸಿನಲ್ಲಿ ಯಾವಾಗಲೂ ಡ್ರೈವರ್ ಹಿಂದಿನ ಸೀಟೇ ಬೇಕು ಎನ್ನುತ್ತಿದ್ದರು ಎಂದರು. ಜ್ವರದ ಮಾತ್ರೆಗೆ ನಿದ್ದೆ ಬರುವವರೆಗೂ ಹೇಳುತ್ತಲೇ ಇದ್ದರು.

ಮೇ 12, ಸೋಮವಾರ

ಗಂಡ ಬಂದರು. ಊಟಕ್ಕೆ ಕೂತಾಗ ನಾನೂ ಮಾವನೂ ಮುಖ್ಯರಸ್ತೆಯಲ್ಲಿ ಒಡೆದ ಪೈಪಿನ ಬಗ್ಗೆ ಜಗಳವಾಡುತ್ತಿದ್ದೆವು. ಅದು ಬಸ್ಸಿನ ಭಾರಕ್ಕೆ ಒಡೆದದ್ದೆಂದು ಅವರು, ಇಲಾಖೆಯ ಬೆಸುಗೆ ಕೆಟ್ಟದ್ದೆಂದು ನಾನು. ಗಂಡ ಮೂರು ಸಲ ಉಪ್ಪು ಕೇಳಿದರಂತೆ. ಇಬ್ಬರಿಗೂ ಕೇಳಲಿಲ್ಲ. ಕೊನೆಗೆ ತಾವೇ ಎದ್ದು ತಂದುಕೊಂಡರು. ಆಮೇಲೆ ನನ್ನನ್ನು ಬದಿಗೆ ಕರೆದು, ಅಪ್ಪನಿಗೆ ಏನು ಮಾಡಿದೆ ಎಂದು ಕೇಳಿದರು. ಏನೂ ಮಾಡಿಲ್ಲವಲ್ಲ.

ಪಕ್ಕೆ? ಇವತ್ತು ಪಕ್ಕೆಯ ನೆನಪೇ ಆಗಿರಲಿಲ್ಲ. ಬರೆಯುವಾಗ ಒತ್ತಿ ನೋಡಿದೆ. ಏನೂ ಇಲ್ಲ.

ಜೂನ್ 21, ಶನಿವಾರ

ಎರಡನೇ ಸೂಜಿ. ಗಂಡ ತಾನು ಕರೆದುಕೊಂಡು ಹೋಗುತ್ತೇನೆ ಎಂದರೆ ಮಾವ ಬೇಡ ಎಂದರು. ಮಗನಿಗೆ ದಾರಿ ಗೊತ್ತಿಲ್ಲವಂತೆ. ನಡೆದರೆ ಹತ್ತು ನಿಮಿಷದ ದಾರಿ.

ಡಾಕ್ಟರ್ ಕಾರ್ಡಿನ ಎರಡನೇ ಚೌಕಕ್ಕೂ ಸಹಿ ಹಾಕಿದರು. ಬಿಸಿಲಿತ್ತು, ವಾಪಸ್ ಬಸ್ಸಿಗೆ ಹೋಗೋಣ ಎಂದು ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಮಾವ ಕಾರ್ಡನ್ನು ದೂರ ಹಿಡಿದು ಓದಿ ಜೇಬಿಗಿಟ್ಟರು.

“ನಿನ್ನದು ಯಾವಾಗ?” ಎಂದರು.

“ಐವತ್ತು ಆಗಬೇಕಂತಲ್ಲ. ಇನ್ನೂ ಹದಿನಾರು ವರ್ಷ.”

ಬೆರಳು ಮಡಿಸಿ ಎಣಿಸಿದರು. ಒಂದು ಕೈ ಸಾಲದೆ ಇನ್ನೊಂದು ಕೈಗೂ ಹೋದರು. “ಆಗ ನನಗೆ ಎಂಬತ್ತೆರಡು.”

ನಾನು ರಸ್ತೆ ನೋಡಿದೆ. ನಮ್ಮ ಬಸ್ಸು ತಿರುವಿನಲ್ಲಿ ಕಾಣಿಸಿತು.

“ನೆನಪು ಮಾಡು, ಮರೀಬೇಡ. ಒಬ್ಬಳೇ ಹೋಗೋದು ಬೇಡ, ಜೊತೆಗೆ ನಾನು ಬರ್ತೀನಿ,” ಎಂದರು. ಎದ್ದು, ನೋಯದ ಕೈಯನ್ನು ಬಸ್ಸಿಗೆ ಅಡ್ಡ ಚಾಚಿದರು.

ಆಗಲಿ ಮಾವ ಎಂದೆ.